ಆಗ್ನೆಸ್ ಹಂಟ್ ಎಂಬ ದಾದಿಯ ಚರಿತ್ರೆ

ಎಲುಬಿನ ರೋಗಿಗಳ ಶುಶ್ರೂಷೆಗೆ ದಾರಿ ತೋರಿಸಿದ ಆಗ್ನೆಸ್ ಹಂಟ್ ಎಂಬಾಕೆಯು 1866ರಲ್ಲಿ ಲಂಡನ್ ಪಟ್ಟಣದಲ್ಲಿ ಹುಟ್ಟಿದಳು. ಬಾಲ್ಯದಲ್ಲಿಯೇ ಸೊಂಟದ ಕೀಲಿಗೆ ರೋಗ ತಗಲಿ ಆಯುಷ್ಕಾಲವೆಲ್ಲಾ ಕುಂಟಿಯಾಗಿದ್ದಳು. ಆದರೂ ದಾದಿಯ ವಿದ್ಯೆಯನ್ನು ಕಲಿತು, 1900ರಲ್ಲಿ ಬಾಸ್ಚರ್ಚ್ ಎಂಬ ಹಳ್ಳಿಯಲ್ಲಿ ಆರೈಕೆಯ ಮನೆಯನ್ನು ತೆರೆದಳು. ಪ್ರಸಿದ್ಧ ಶಸ್ತ್ರವೈದ್ಯನಾದ ರಾಬರ್ಟ್ ಜೋನ್ಸನು ಅಲ್ಲಿಗೆ ಬಂದು ಮಕ್ಕಳಿಗೆ ಚಿಕಿತ್ಸೆ ಮಾಡುತ್ತಿದ್ದನು.

ಆದರೆ ಆಸ್ಪತ್ರೆಯಲ್ಲಿ ನೆಟ್ಟಗಾದ ಕಾಲು ಮನೆಯಲ್ಲಿ ಅಜಾಗ್ರತೆಯಿಂದ ಪುನಃ ಸೊಟ್ಟಗಾಗುವದುಂಟು. ಆದಕಾರಣ ಆಕೆಯು ಸುತ್ತಲಿನ ಊರುಗಳಲ್ಲಿ ಚಿಕಿತ್ಸಾಸ್ಥಾನಗಳನ್ನು ಏರ್ಪಡಿಸಿ, ಮುಂದಿನ ಆರೈಕೆಯನ್ನು ಮನೆಯವರಿಗೆ ಕಲಿಸಿಕೊಡುವಂತೆ ಮಾಡಿದಳು. 1948ರಲ್ಲಿ ಆಕೆಯ ಓಟವು ಮುಗಿಯಿತು.

ನಮ್ಮ ನಗರ ಸೀಮೆಯಲ್ಲಿ ಅಡಿಕೆಮರದಿಂದ ಬಿದ್ದು ಕಾಲು ಮುರಿದವನು, ನಾಳೆ ಏನಾಗುವದೋ ಎಂದು ಆಸ್ಪತ್ರೆಯ ಹಾಸಿಗೆಯಲ್ಲಿ ನಡುಗುತ್ತಾನೆ. ಶಸ್ತ್ರಚಿಕಿತ್ಸೆಗೆ ಮುಂಚೆ ಏಕೆ ಉಪವಾಸವಿರಬೇಕು, ಎಚ್ಚರವಾದಾಗ ನೋವು ಹೇಗಿರುವದು ಎಂದೂ, ತರುವಾಯ ಕಾಲನ್ನು ಯಾವಾಗ ಊರಬಹುದು, ಬೆರಳುಗಳು ಮರಗಟ್ಟಿದರೆ ಕೂಡಲೇ ಹೇಳಬೇಕು ಎಂದೂ ಅವನಿಗೆ ತಿಳಿಸುವದು ಔಷಧದಷ್ಟೇ ಅವಶ್ಯವಾದ ಶುಶ್ರೂಷೆಯು. ದಾದಿಯು ಹೇಳಲು ಮರೆತರೆ ನೀವೇ ನಾಚದೆ ಕೇಳಿರಿ. ಒಳ್ಳೇ ಸಮಾರ್ಯದವನು ಗಾಯವನ್ನು ಕಟ್ಟಿದ್ದಲ್ಲದೆ, ಮಾರನೆಯ ದಿನ ಛತ್ರದವನಿಗೆ ಮುಂದಿನ ಆರೈಕೆಯನ್ನೂ ಒಪ್ಪಿಸಿ ಹೋದನಲ್ಲವೇ?