ಬ್ರೇಕಿಗೆ ಚರ್ಮ ಹೊಡೆಸಿದ ಬರ್ತಾ ಬೆಂಜ್

ಹಳೇ ಬ್ರೇಕ್ ಪ್ಯಾಡ್ ಒಂದನ್ನ ಕೈಗೆ ತಗೊಂಡು ನೋಡಿ. ಹಿಂದೆ ಉಕ್ಕಿನ ತಗಡು, ಮುಂದೆ ಅದಕ್ಕೆ ಅಂಟಿಸಿದ ಪದರ. ಸವೆಯೋದೇ ಆ ಪದರದ ಕೆಲಸ. ಅದು ಸವೆದಾಗ ಬದಲಿಸಿದರೆ ಸಾಕು, ಮಿಕ್ಕಿದ್ದೆಲ್ಲ ಉಳಿಯುತ್ತೆ. ಕಾರಿನ ಚರಿತ್ರೆಯಲ್ಲಿ ಈ ಉಪಾಯ ಸಲ್ಲೋದು ಇಂಜಿನಿಯರಿಂಗ್ ಓದದ ಒಬ್ಬ ಹೆಂಗಸಿನ ಹೆಸರಿಗೆ.

ಬರ್ತಾ ಹುಟ್ಟಿದ್ದು 1849ರಲ್ಲಿ, ಜರ್ಮನಿಯ ಫೋರ್ಟ್ಸ್‌ಹೈಮ್‌ನಲ್ಲಿ. ಹುಡುಗಿಯರಿಗೆ ಇಂಜಿನಿಯರಿಂಗ್ ಕಾಲೇಜಿನ ಬಾಗಿಲೇ ತೆರೆದಿರದ ಕಾಲ ಅದು. ಮದುವೆಗೆ ಮುಂಚೆಯೇ ತನ್ನ ವರದಕ್ಷಿಣೆ ಹಣವನ್ನ ಕಾರ್ಲ್ ಬೆಂಜ್‌ನ ವರ್ಕ್‌ಶಾಪಿಗೆ ಸುರಿದಳು. ಆ ದುಡ್ಡಿಂದಲೇ ಅವನು ಪಾಲುದಾರನಿಂದ ಬಿಡಿಸಿಕೊಂಡ. 1872ರಲ್ಲಿ ಮದುವೆ. 1886ರಲ್ಲಿ ಮೂರು ಚಕ್ರದ ಮೋಟಾರು ಗಾಡಿಗೆ ಪೇಟೆಂಟ್ ಬಂತು, ಕಾರ್ಲ್‌ನ ಹೆಸರಿಗೆ. ಗಾಡಿ ಮಾತ್ರ ಬಿಕರಿಯಾಗಲಿಲ್ಲ. ಕುದುರೆ ಇಲ್ಲದ ಗಾಡಿಯನ್ನ ನಂಬೋರು ಯಾರು?

1888ರ ಆಗಸ್ಟ್‌ನ ಒಂದು ಬೆಳಗ್ಗೆ ಗಂಡನಿಗೆ ಹೇಳದೆ, 15 ವರ್ಷದ ಆಯ್ಗನ್, 13ರ ರಿಚರ್ಡ್ ಇಬ್ಬರನ್ನೂ ಕರ್ಕೊಂಡು ಬರ್ತಾ ಮನ್‌ಹೈಮ್‌ನಿಂದ ತವರಿಗೆ ಹೊರಟೇಬಿಟ್ಟಳು. ಸುಮಾರು 100 ಕಿ.ಮೀ. ಅಲ್ಲಿತನಕ ಮೋಟಾರು ಗಾಡಿ ಅಷ್ಟು ದೂರ ಹೋಗಿದ್ದೇ ಇಲ್ಲ. ದಾರಿಯಲ್ಲಿ ನಿಂತುಹೋಗಿದ್ದರೆ ಗಂಡನ ಹೆಸರೂ ಹೋಗ್ತಿತ್ತು, ತನ್ನ ದುಡ್ಡೂ ಹೋಗ್ತಿತ್ತು.

ತೊಂದರೆಗಳಿಗೇನೂ ಬರ ಇರಲಿಲ್ಲ. ಇಂಧನ ತೀರುತ್ತಾ ಬಂದಾಗ ವೀಸ್‌ಲೋಖ್‌ನ ಔಷಧಿ ಅಂಗಡಿಯಲ್ಲಿ ಲಿಗ್ರೋಯಿನ್ ಕೊಂಡಳು. ಇಂಧನದ ಕೊಳವೆ ಕಟ್ಟಿಕೊಂಡಾಗ ಟೋಪಿಯ ಪಿನ್ನು ಚುಚ್ಚಿ ಬಿಡಿಸಿದಳು. ತುಂಡಾದ ವಿದ್ಯುತ್ ನಿರೋಧಕದ ಜಾಗಕ್ಕೆ ಕಾಲುಚೀಲದ ಪಟ್ಟಿ ಬಂತು. ಏರು ಬಂದಾಗ ಮಕ್ಕಳು ಇಳಿದು ತಳ್ಳಿದರು.

ಏರು ಬಂದರೆ ತಳ್ಳಬಹುದು, ಇಳಿಜಾರಲ್ಲಿ ಏನು ಮಾಡೋದು? ಬ್ರೇಕಿನ ಮರದ ಗುಟ್ಟಗಳು ಉಜ್ಜಿ ಉಜ್ಜಿ ಸವೆದುಹೋಗಿದ್ದವು. ಗಾಡಿಯ ವೇಗವೆಲ್ಲ ಆ ಉಜ್ಜುವ ಜಾಗದಲ್ಲೇ ಶಾಖವಾಗಿ ಹೋಗಬೇಕು, ಮರ ಎಷ್ಟು ತಡೆದೀತು? ಬೌಶ್‌ಲಾಟ್ ಎಂಬ ಹಳ್ಳಿಯಲ್ಲಿ ಬೂಟು ಹೊಲಿಯುವವನ ಹತ್ರ ಹೋಗಿ ಗುಟ್ಟಗಳಿಗೆ ಚರ್ಮದ ತುಂಡು ಮೊಳೆ ಹೊಡೆಸಿಕೊಂಡಳು. ಚರ್ಮ ಸವೆದರೆ ಇನ್ನೊಂದು ತುಂಡು, ಅಷ್ಟೇ. ಬ್ರೇಕ್ ಲೈನಿಂಗ್ ಅಂತ ನಾವು ಸೆಮಿಸ್ಟರ್‌ನಲ್ಲಿ ಓದೋದು ಇದನ್ನೇ.

ಇವತ್ತು ಅದೇ ಕೆಲಸ ಮನೆ ಮುಂದೆಯೇ ಆಗುತ್ತೆ. ಬರೀ ಜ್ಯಾಕನ್ನ ನಂಬದೆ ಸ್ಟ್ಯಾಂಡ್ ಕೊಟ್ಟು, ಚಕ್ರ ಬಿಚ್ಚಿ, ಕ್ಯಾಲಿಪರ್ ಎತ್ತಿ, ಪಿಸ್ಟನ್ ಹಿಂದಕ್ಕೆ ಒತ್ತಬೇಕು. ಹೊಸ ಪ್ಯಾಡಿನ ಜೊತೆ ಕ್ಲಿಪ್ಪುಗಳನ್ನೂ ಹೊಸದೇ ಹಾಕಿ ಸ್ಲೈಡ್ ಪಿನ್ನಿಗೆ ಗ್ರೀಸ್ ಹಚ್ಚಬೇಕು. ಪಿನ್ನು ಹಿಡಿದುಕೊಂಡರೆ ಒಂದು ಪ್ಯಾಡು ಮಾತ್ರ ಸವೆಯುತ್ತೆ. ಗಾಡಿ ತೆಗೆಯೋ ಮುಂಚೆ ಪೆಡಲ್ ಗಟ್ಟಿಯಾಗೋವರೆಗೂ ಒತ್ತಿ, ಇಲ್ಲದಿದ್ದರೆ ಮೊದಲ ಸಲ ಬ್ರೇಕ್ ಹಿಡಿಯೋದೇ ಇಲ್ಲ.

ಸಂಜೆ ತವರು ಮುಟ್ಟಿ ಗಂಡನಿಗೆ ತಂತಿ ಕಳಿಸಿದಳು. ಕೆಲವು ದಿನ ಇದ್ದು ಗಾಡಿಯಲ್ಲೇ ವಾಪಸ್ಸು ಬಂದಳು. ಆಮೇಲೆ ಏರು ಹತ್ತೋಕೆ ಇನ್ನೊಂದು ಗೇರು ಸೇರಿತು. ನನ್ನ ಮಟ್ಟಿಗೆ ಅದು ಪ್ರಯಾಣಕ್ಕಿಂತ ಹೆಚ್ಚಾಗಿ ರೋಡ್ ಟೆಸ್ಟ್, ಅದೂ ಪರೀಕ್ಷಕಿಯೇ ರಿಪೇರಿ ಮಾಡಿಕೊಂಡದ್ದು.

ಕಾರ್ಲ್ 1929ರಲ್ಲಿ ತೀರಿಕೊಂಡ. ಅವನು ಓದಿದ್ದ ಕಾರ್ಲ್ಸ್‌ರೂಹೆಯ ತಾಂತ್ರಿಕ ಕಾಲೇಜು ಬರ್ತಾಗೆ ಗೌರವ ಸೆನೆಟರ್ ಪದವಿ ಕೊಟ್ಟಿದ್ದು 1944ರ ಮೇ 3ರಂದು, ಆಕೆಗೆ 95 ತುಂಬಿದ ದಿನ. ಎರಡೇ ದಿನಕ್ಕೆ, ಲಾಡನ್‌ಬುರ್ಗ್‌ನಲ್ಲಿ, ಆಕೆ ಕಣ್ಣು ಮುಚ್ಚಿದಳು.