ಗಿಟಾರಿನ ಧರ್ಮಭಗಿನಿ

ದೇವಾಲಯದ ಗಾನವೃಂದದಲ್ಲಿ ಹಾಡುವ ನಮಗೆ ಈ ಸೋದರಿಯ ಬಾಳು ತಿಳಿದಿರಬೇಕಾದುದು. 1963ರಲ್ಲಿ ಜಗತ್ತಿನಾದ್ಯಂತ ಜನರನ್ನು ತಲೆದೂಗಿಸಿದ ‘ದೊಮಿನಿಕ್’ ಎಂಬ ಫ್ರೆಂಚ್ ಗೀತೆಯನ್ನು ರಚಿಸಿ ಹಾಡಿದವರು ಬೆಲ್ಜಿಯಂ ದೇಶದ ಜೀನ್ ಡೆಕರ್ಸ್.

ಅವರು 1933ರ ಅಕ್ಟೋಬರ್ 17ರಂದು ಬ್ರಸೆಲ್ಸ್ ನಗರದ ಲಾಕೆನ್‌ನಲ್ಲಿ ಜನಿಸಿದರು. ಕೆಲಕಾಲ ಚಿತ್ರಕಲೆಯ ಶಿಕ್ಷಕಿಯಾಗಿದ್ದು, 1959ರಲ್ಲಿ ವಾಟರ್ಲೂ ಬಳಿಯ ಫಿಷರ್‌ಮೋಂಟ್‌ನ ದೊಮಿನಿಕನ್ ಕನ್ಯಾಮಠವನ್ನು ಗಿಟಾರಿನೊಡನೆ ಸೇರಿದರು. ಧ್ಯಾನಕೂಟಕ್ಕೆ ಬರುತ್ತಿದ್ದ ತರುಣಿಯರು ಅವರ ಹಾಡುಗಳಿಗೆ ಮನಸೋತರು. ಅವರಿಗಾಗಿಯೇ ಒಂದಿಷ್ಟು ಧ್ವನಿಮುದ್ರಿಕೆಗಳಿರಲೆಂದು ಮಠವು ಫಿಲಿಪ್ಸ್ ಸಂಸ್ಥೆಯ ನೆರವನ್ನು ಕೋರಿತು. ‘ನಗುವ ಸೋದರಿ’ ಎಂಬರ್ಥದ ‘ಸರ್ ಸೂರೀರ್’ ಎಂಬ ಹೆಸರಿನಲ್ಲಿ ಹೊರಬಂದ ಆ ಗಾನ, ತಮ್ಮ ಸಭೆಯ ಸ್ಥಾಪಕರಾದ ಸಂತ ದೊಮಿನಿಕರ ಬಡತನವನ್ನೂ ಸುವಾರ್ತಾ ಸೇವೆಯನ್ನೂ ಕೊಂಡಾಡುವಂಥದು. 1963ರ ಡಿಸೆಂಬರಿನಲ್ಲಿ ಅದು ಅಮೆರಿಕದ ಜನಪ್ರಿಯ ಗೀತೆಗಳಲ್ಲಿ ಮೊದಲ ಸ್ಥಾನ ಪಡೆದು, ನಾಲ್ಕು ವಾರ ಅಲ್ಲಿಯೇ ನಿಂತಿತು. ಮರುವರ್ಷ ಗ್ರ್ಯಾಮಿ ಪ್ರಶಸ್ತಿಯೂ ಲಭಿಸಿತು. 1966ರಲ್ಲಿ ಅವರ ಬಾಳನ್ನು ಆಧರಿಸಿ ಹಾಲಿವುಡ್ ಚಿತ್ರವೊಂದು ತೆರೆಕಂಡಿತು.

ಕೀರ್ತಿ ಇಷ್ಟಾದರೂ, ಬಡತನದ ವ್ರತ ತೊಟ್ಟ ಸೋದರಿಯ ಕೈಗೆ ಸಂಭಾವನೆ ಸೇರಲಿಲ್ಲ. ಅದು ಮಠಕ್ಕೂ ಧ್ವನಿಮುದ್ರಣ ಸಂಸ್ಥೆಗೂ ಸಂದಿತು. 1966ರಲ್ಲಿ ಅವರು ಮಠವನ್ನು ತೊರೆದರು. ಹಳೆಯ ಹೆಸರನ್ನು ಬಳಸುವ ಹಕ್ಕೂ ಉಳಿಯದಿದ್ದುದರಿಂದ ‘ಲುಕ್ ದೊಮಿನಿಕ್’ ಎಂಬ ಹೆಸರಿನಲ್ಲಿ ಹಾಡತೊಡಗಿದರು. ಗರ್ಭನಿರೋಧಕ ಗುಳಿಗೆಯನ್ನು ಹೊಗಳಿ ಹಾಡಿದ ಗೀತೆಯೊಂದು ಧರ್ಮಸಭೆಯ ಬೋಧನೆಗೆ ಒಪ್ಪುವಂತಿರಲಿಲ್ಲ. ಕೇಳುಗರೂ ಹಿಂದಿನಂತೆ ಒಲಿಯಲಿಲ್ಲ.

ಗೆಳತಿಯೊಬ್ಬರೊಡನೆ ಆಟಿಸಂ ಪೀಡಿತ ಮಕ್ಕಳಿಗಾಗಿ ಶಾಲೆ ನಡೆಸಿದುದನ್ನು ನಾವು ಮರೆಯಬಾರದು. ಆದರೆ ಆ ಹಳೆಯ ಗೀತೆಯ ಸಂಪಾದನೆಗೆ ತೆರಿಗೆ ಕಟ್ಟಬೇಕೆಂದು ಬೆಲ್ಜಿಯಂ ಸರ್ಕಾರವು ಅವರನ್ನು ಬೆನ್ನಟ್ಟಿತು. ಹಣ ತಮಗೆ ಸಂದಿಲ್ಲವೆಂದು ಹೇಳಿದರೂ ಅದನ್ನು ಸಿದ್ಧಪಡಿಸುವ ರಸೀದಿಗಳು ಅವರಲ್ಲಿರಲಿಲ್ಲ. ಸಾಲ ತೀರಿಸಲೆಂದು 1982ರಲ್ಲಿ ಅದೇ ಗೀತೆಯನ್ನು ಹೊಸ ವಾದ್ಯಗಳೊಡನೆ ಮತ್ತೆ ಹಾಡಿದರೂ ಫಲವಾಗಲಿಲ್ಲ.

1985ರ ಮಾರ್ಚ್ 29ರಂದು ವಾವ್ರ್ ಪಟ್ಟಣದಲ್ಲಿ, ಹತಾಶೆಗೊಂಡ ಈರ್ವರು ಗೆಳತಿಯರೂ ಒಟ್ಟಿಗೆ ತಮ್ಮ ಪ್ರಾಣವನ್ನು ತಾವೇ ನೀಗಿಕೊಂಡರು. ಸೋದರಿಗೆ ಆಗ 51 ವರ್ಷ. ಇಬ್ಬರನ್ನೂ ಅಲ್ಲಿಯೇ ಒಂದೆಡೆ ಸಮಾಧಿ ಮಾಡಲಾಯಿತು.

ಅಂಥವರ ಅಂತ್ಯವನ್ನು ತೂಗುವ ತಕ್ಕಡಿ ನಮ್ಮ ಕೈಯಲ್ಲಿಲ್ಲ. ಅದು ದಯಾಮಯನಾದ ದೇವರ ಕೈಯಲ್ಲಿದೆ. ಹಾಡುವವರನ್ನು ಹೊಗಳುವ ನಾವು, ಹಾಡು ನಿಂತ ಮೇಲೆ ಅವರ ಮನೆಬಾಗಿಲಿಗೂ ಹೋಗಿ ಕ್ಷೇಮ ವಿಚಾರಿಸೋಣ. ನಗುವ ಸೋದರಿಯ ಆತ್ಮಕ್ಕೆ ಪ್ರಭುವು ನಿತ್ಯವಿಶ್ರಾಂತಿಯನ್ನು ದಯಪಾಲಿಸಲಿ.