ಕೋಲಾರದ ಗಣಿಗೆ ಕರೆಂಟ್ ಹರಿಸಿದ ದಿವಾನರು: ಇವತ್ತಿನ ಎಲೆಕ್ಟ್ರಿಕ್ ಕಾರಿನಲ್ಲೂ ಅದೇ ಲೆಕ್ಕ

ಹೊಸಹಳ್ಳಿ: ಅಂಗಡಿ ಮುಂದೆ ಚಾರ್ಜಿಗೆ ನಿಂತ ಎಲೆಕ್ಟ್ರಿಕ್ ಸ್ಕೂಟರು ಕೂಡ್ಲಿಗಿ, ಕೊಟ್ಟೂರು ಕಡೆ ಈಗ ಹೊಸದೇನಲ್ಲ. ಆದರೆ ಹೈ ವೋಲ್ಟೇಜ್ ಅಂದ್ರೆ ಏನು, ಅದು ಯಾಕೆ ಬೇಕು ಅನ್ನೋದು ತಿಳಿಯಬೇಕಾದರೆ ನೂರಿಪ್ಪತ್ತು ವರ್ಷ ಹಿಂದಕ್ಕೆ, ಸರ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲಕ್ಕೆ ಹೋಗಬೇಕು. ಬೆಂಗಳೂರಿನ ಶೇಷಾದ್ರಿಪುರಕ್ಕೆ ಬಂದಿರೋದು ಇವರ ಹೆಸರೇ.

ಪಾಲಕ್ಕಾಡ್ ಕಡೆಯ ಶೇಷಾದ್ರಿ ಅಯ್ಯರ್ ಹುಟ್ಟಿದ್ದು 1845ರಲ್ಲಿ. ಮದ್ರಾಸಿನಲ್ಲಿ ಓದಿ, 1868ರಲ್ಲಿ ಮೈಸೂರು ಸರ್ಕಾರದ ನೌಕರಿಗೆ ಬಂದರು. ರಂಗಾಚಾರ್ಲು ತೀರಿಕೊಂಡ ಮೇಲೆ 1883ರಲ್ಲಿ ದಿವಾನರಾಗಿ ಹದಿನೆಂಟು ವರ್ಷ ಆಡಳಿತ ನಡೆಸಿದರು. ಅಷ್ಟು ದೀರ್ಘ ಕಾಲ ಆ ಹುದ್ದೆಯಲ್ಲಿ ಕೂತವರು ಮೈಸೂರಿನಲ್ಲಿ ಅಪರೂಪ. ಹೊರಗಿನವರು, ಮದ್ರಾಸಿನವರು ಅನ್ನೋ ಅಸಮಾಧಾನವೂ ಅವರ ಬೆನ್ನಿಗೇ ಇತ್ತು. ನಮ್ಮ ಕಡೆಯವರಿಗೆ ಗೊತ್ತಿರೋ ಹಿರಿಯೂರು ಹತ್ತಿರದ ಮಾರಿಕಣಿವೆ ಜಲಾಶಯದ ಕೆಲಸ ಶುರುವಾದದ್ದೂ ಅವರ ಕಾಲದಲ್ಲೇ, 1898ರಲ್ಲಿ.

ಆಗ ಕೋಲಾರದ ಚಿನ್ನದ ಗಣಿಗಳ ಯಂತ್ರ ಓಡುತ್ತಿದ್ದದ್ದು ಉಗಿಯಿಂದ. ಅದಕ್ಕೆ ಸುಡುವ ಕಟ್ಟಿಗೆ, ಕಲ್ಲಿದ್ದಲಿನ ಖರ್ಚು ವಿಪರೀತ. ಇತ್ತ ಶಿವನಸಮುದ್ರದಲ್ಲಿ ಕಾವೇರಿ ಸುಮ್ಮನೆ ಧುಮುಕುತ್ತಿತ್ತು. ಎಂಜಿನಿಯರ್ ಜೋಲಿ ಡಿ ಲಾಟ್ಬಿನಿಯರ್ ಅವರ ಯೋಜನೆಗೆ ದಿವಾನರು ಬೆನ್ನುಕೊಟ್ಟು, ಸರ್ಕಾರದ ದುಡ್ಡನ್ನೇ ಪಣಕ್ಕಿಟ್ಟರು. ತೊಡಕಿದ್ದದ್ದು ದೂರದ್ದು. ಜಲಪಾತದಿಂದ ಗಣಿಗೆ ಸುಮಾರು 147 ಕಿಲೋಮೀಟರ್ ತಂತಿ ಎಳೆಯಬೇಕಿತ್ತು. ಅಷ್ಟು ದೂರ ಕರೆಂಟ್ ಒಯ್ಯೋದು ಆಗ ಲೋಕದಲ್ಲೇ ಅಪರೂಪ.

ಟಿಸಿಯಿಂದ ದೂರದ ಹೊಲದಲ್ಲಿ ಬೋರಿನ ಮೋಟಾರು ಲೋ ವೋಲ್ಟೇಜಿಗೆ ಗುಂಯ್‌ಗುಟ್ಟೋದನ್ನು ರೈತರು ಕೇಳಿಯೇ ಇರ್ತಾರೆ. ತಂತಿ ಉದ್ದವಾದಷ್ಟೂ ಕರೆಂಟ್ ದಾರಿಯಲ್ಲೇ ಬಿಸಿಯಾಗಿ ಸೋರಿಹೋಗುತ್ತೆ. ಉಪಾಯ ಒಂದೇ: ವೋಲ್ಟೇಜ್ ಏರಿಸೋದು. ವೋಲ್ಟೇಜ್ ಹತ್ತು ಪಟ್ಟಾದರೆ ಅಷ್ಟೇ ಶಕ್ತಿಗೆ ಆಂಪಿಯರ್ ಹತ್ತನೇ ಒಂದು ಭಾಗ ಸಾಕು, ಅದೇ ತಂತಿಯಲ್ಲಿ ಬಿಸಿಯಾಗಿ ಹೋಗೋ ನಷ್ಟ ನೂರನೇ ಒಂದು ಭಾಗಕ್ಕೆ ಇಳಿಯುತ್ತೆ. ಹಾಗಾಗಿ ಕೋಲಾರದ ಲೈನಿಗೆ ಇಟ್ಟದ್ದು 35,000 ವೋಲ್ಟ್.

ಎಲೆಕ್ಟ್ರಿಕ್ ಗಾಡಿಯ ಬ್ಯಾಟರಿಗೂ ಇದೇ ಲೆಕ್ಕ. ಲಿಥಿಯಂ ಸೆಲ್ ಒಂದಕ್ಕೆ ಮೂರೂವರೆ ವೋಲ್ಟ್ ಆಸುಪಾಸು. ನೂರು ಸೆಲ್ ಸಾಲಾಗಿ ಜೋಡಿಸಿದರೆ 350 ವೋಲ್ಟ್. ತೆಳು ತಂತಿಯಲ್ಲೇ ಮೋಟಾರಿಗೆ ಬೇಕಾದ ಬಲ ಸಿಗುತ್ತೆ ಅಂತಲೇ ಕಾರುಗಳಲ್ಲಿ 300ರಿಂದ 400 ವೋಲ್ಟ್ ಇಡೋದು. ಸ್ಕೂಟರುಗಳಲ್ಲಿ ಸಾಮಾನ್ಯವಾಗಿ 48ರಿಂದ 72. ಡಿಸಿ ಕರೆಂಟು 60 ವೋಲ್ಟ್ ದಾಟಿದರೆ ಜೀವಕ್ಕೆ ಅಪಾಯ ಅಂತ ಈ ಉದ್ಯಮದಲ್ಲಿ ಎಣಿಸ್ತಾರೆ. ಕಾರಿನಲ್ಲಿ ಕಿತ್ತಳೆ ಬಣ್ಣದ ಕೇಬಲ್ ಇದೆ ಅಂದ್ರೆ ಅಲ್ಲಿ ಹೈ ವೋಲ್ಟೇಜ್ ಇದೆ ಅಂತ ಅರ್ಥ, ಊರಿನ ಮೆಕ್ಯಾನಿಕ್ ಅಂದಾಜಿನ ಮೇಲೆ ಕೈಹಾಕಬಾರದು. ಕೀ ತೆಗೆದರೂ ಬ್ಯಾಟರಿಯೊಳಗಿನ ವೋಲ್ಟೇಜ್ ಎಲ್ಲೂ ಹೋಗಲ್ಲ. ಕಲಿತ ಮೆಕ್ಯಾನಿಕ್ಕೇ ಸರ್ವಿಸ್ ಪ್ಲಗ್ ಕಿತ್ತು, ಕೆಲವು ನಿಮಿಷ ಕಾದು, ರಬ್ಬರ್ ಗ್ಲೌಸ್ ಹಾಕಿ, ಮೀಟರಿನಲ್ಲಿ ನೋಡಿಯೇ ಮುಟ್ಟೋದು. ಅಂಗಡಿಯವರು ಚಾರ್ಜಿಗೆ ಹಾಕುವಾಗ ಅರ್ಥಿಂಗ್ ಸರಿಯಿರೋ ಸಾಕೆಟ್ಟೇ ಬೇಕು, ಸಣ್ಣ ಎಕ್ಸ್‌ಟೆನ್ಷನ್ ವೈರ್ ಬೇಡ. ಬಿಸಿಲಲ್ಲಿ ಓಡಿಸಿ ಬಂದ ಗಾಡಿ ತುಸು ತಣ್ಣಗಾಗಲಿ. ಉಬ್ಬಿದ, ನೀರು ಹೊಕ್ಕ ಬ್ಯಾಟರಿಯನ್ನು ಚಾರ್ಜಿಗೆ ಹಾಕಲೇಬಾರದು. ಇನ್ನು ಓಡಿಸುವಾಗ, ಸದ್ದಿಲ್ಲದ ಗಾಡಿ ಬಂದದ್ದು ಸಂತೆಯ ಜನಕ್ಕೆ ಗೊತ್ತಾಗಲ್ಲ ಅನ್ನೋದು ನೆನಪಿರಲಿ.

ಶಿವನಸಮುದ್ರಕ್ಕೆ ಯಂತ್ರಗಳು ಹಡಗಿನಲ್ಲಿ ಬಂದು, ಎತ್ತಿನ ಗಾಡಿ, ಆನೆಗಳ ಮೇಲೆ ಮುಂದಕ್ಕೆ ಸಾಗಿದವು. ಕೆಲಸ ಇನ್ನೂ ನಡೀತಿರುವಾಗಲೇ, 1901ರ ಮಾರ್ಚಿನಲ್ಲಿ, ಆರೋಗ್ಯ ಕೆಟ್ಟು ಶೇಷಾದ್ರಿ ಅಯ್ಯರ್ ಅಧಿಕಾರ ಬಿಟ್ಟರು. ಅದೇ ಸೆಪ್ಟೆಂಬರ್ 13ಕ್ಕೆ ತೀರಿಕೊಂಡರು. ಗಣಿಗೆ ಕರೆಂಟ್ ಹರಿದದ್ದು 1902ರ ಜೂನ್ ಕೊನೆಗೆ, ಅವರು ಹೋಗಿ ಒಂಬತ್ತು ತಿಂಗಳಿಗೆ. ಬೆಂಗಳೂರಿಗೆ ಬೀದಿ ದೀಪ ಬಂದದ್ದು 1905ರಲ್ಲಿ, ಮಾರಿಕಣಿವೆ ಮುಗಿದದ್ದು 1907ರಲ್ಲಿ. ಕೂಡ್ಲಿಗಿ ಸೀಮೆ ಆಗ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು, ಮೈಸೂರಿಗೆ ಸೇರಿದ್ದು 1953ರಲ್ಲಿ.